ಅಲಂಕಾರ ಪಾಠವೂ ಪರೀಕ್ಷೆಯ ಪ್ರಬಂಧವೂ

ಹಗಲು ಹೋಟೆಲಿನಲ್ಲಿ ದುಡಿದು ರಾತ್ರಿ ಓದುವ ಮುಂಬಯಿಯ ನಮ್ಮ ತರುಣರು ಉಪಮಾಲಂಕಾರದ ಲಕ್ಷಣವನ್ನು ತಪ್ಪಿಲ್ಲದೆ ಒಪ್ಪಿಸುತ್ತಾರೆ. ಪರೀಕ್ಷೆಯ ಪ್ರಬಂಧದಲ್ಲಿ ಮಾತ್ರ ಒಂದು ಉಪಮೆಯನ್ನೂ ಬಳಸರು. ಪೀಠಿಕೆ, ವಿವರಣೆ, ಉಪಸಂಹಾರವೆಂದು ಶೀರ್ಷಿಕೆಯಿಟ್ಟು ಬಾಯಿಪಾಠದ ವಾಕ್ಯಗಳನ್ನು ತುಂಬುತ್ತಾರೆ. ದೋಷವು ಬೋಧನಾಕ್ರಮದ್ದು.

ಅದೇ ತರುಣನು ರಜೆ ಬೇಡುವಾಗ ಊರಿನಲ್ಲಿ ತಾಯಿಗೆ ಕಾಯಿಲೆಯೆಂದು ಕಾರಣ ತಿಳಿಸಿ, ಬದಲಿ ಆಳನ್ನು ಗೊತ್ತುಮಾಡಿ ಧಣಿಯ ಆಕ್ಷೇಪವನ್ನು ಮೊದಲೇ ಪರಿಹರಿಸಿ, ಮರಳುವ ದಿನವನ್ನು ಹೇಳಿ ಮುಗಿಸುತ್ತಾನೆ. ಕಾರಣ, ಪೂರ್ವಪಕ್ಷ, ಸಮಾಧಾನ, ನಿರ್ಣಯ: ಪ್ರಬಂಧಕ್ಕೆ ಬೇಕಾದುವೂ ಇವೇ ಅಲ್ಲವೆ?

ಅಲಂಕಾರಶಾಸ್ತ್ರವನ್ನು ನಿರೂಪಿಸುವ 9ನೆಯ ಶತಮಾನದ ‘ಕವಿರಾಜಮಾರ್ಗ’ವೇ ಓದು ಬಾರದ ಕನ್ನಡಿಗರ ಮಾತಿನ ಜಾಣ್ಮೆಯನ್ನು ಮೆಚ್ಚಿದೆ. ಆ ಜಾಣ್ಮೆಯನ್ನು ಲೇಖನಿಗೆ ತರುವುದೇ ಅಧ್ಯಾಪಕರ ಕರ್ತವ್ಯ. ಬರಿಯ ಲಕ್ಷಣವನ್ನು ಕೇಳುವ ಬದಲು ವಾರಕ್ಕೊಂದು ಪ್ರಬಂಧ ಬರೆಯಿಸಿ ತಿದ್ದಲಿ. ಲೋಟ ತೊಳೆಯುವ ಕೈಗೆ ಲೆಕ್ಕದ ಪುಸ್ತಕ ದೊರೆಯಬೇಕಾದರೆ ಈ ಪರೀಕ್ಷೆಯನ್ನು ದಾಟಲೇಬೇಕು.