ನೈಸರ್ಗಿಕ ಕೆಂಪಿಗೆ ಇಷ್ಟು ಸಲೀಸಾದ ಸರ್ಟಿಫಿಕೇಟೇ?

ರಾಸಾಯನಿಕ ಬಣ್ಣವೆಂದರೆ ವಿಷ, ನೈಸರ್ಗಿಕವಾದರೆ ಕಣ್ಣುಮುಚ್ಚಿ ಬಳಸಬಹುದು ಎಂದು ಕಳೆದ ಸಂಚಿಕೆಯ ಲೇಖಕರು ತೀರ್ಪು ಕೊಟ್ಟುಬಿಟ್ಟಿದ್ದಾರೆ. ತಾವು ಹಾಡಿಹೊಗಳಿದ ಕಾರ್ಮೈನ್ ಎಂಬ ಕೆಂಪು ಬಣ್ಣ ಎಲ್ಲಿಂದ ಬರುತ್ತದೆ ಎಂಬುದನ್ನು ಮಾತ್ರ ಬರೆದಿಲ್ಲ.

ಪೆರು ದೇಶದಲ್ಲಿ ಪಾಪಾಸುಕಳ್ಳಿಯ ಮೇಲೆ ಬಿಳಿ ಬೂಷ್ಟಿನಂತೆ ಅಂಟಿಕೊಂಡು ರಸ ಹೀರುವ ಕೊಚಿನೀಲ್ ಎಂಬ ಹೆಣ್ಣು ಕೀಟಗಳನ್ನು ಕೆರೆದು ತೆಗೆದು, ಒಣಗಿಸಿ, ಅರೆದು ತಯಾರಿಸುವ ಬಣ್ಣ ಅದು. ಕೆಂಪು ಕೊಡುವುದು ಕಾರ್ಮಿನಿಕ್ ಆಮ್ಲ. ಕಾಟ ಕೊಡುವುದು ಬಹುಮಟ್ಟಿಗೆ ಅದರೊಂದಿಗೆ ಉಳಿದುಹೋಗುವ ಕೀಟದ ಪ್ರೋಟೀನು. ತುಟಿಗೆ ಕಾರ್ಮೈನ್ ಇರುವ ಲಿಪ್‌ಸ್ಟಿಕ್ ಹಚ್ಚುತ್ತಾ ಹಚ್ಚುತ್ತಾ ದೇಹ ಆ ಪ್ರೋಟೀನನ್ನು ಶತ್ರುವೆಂದು ಗುರುತಿಟ್ಟುಕೊಳ್ಳಬಹುದು. ಆಮೇಲೊಂದು ದಿನ ಅದನ್ನೇ ಬೆರೆಸಿದ ಗುಲಾಬಿ ಬಣ್ಣದ ಮೊಸರೋ ಕೆಂಪು ಪಾನೀಯವೋ ಹೊಟ್ಟೆಗಿಳಿದಾಗ ಮೈಯೆಲ್ಲ ದದ್ದು, ಮುಖ ಊತ, ಉಬ್ಬಸ. ವಿರಳವಾಗಿ ಜೀವಕ್ಕೇ ಅಪಾಯ. ಜಪಾನಿನ ವೈದ್ಯರು ಇಂಥ ಪ್ರಕರಣಗಳನ್ನು ವರದಿ ಮಾಡಿದ್ದಾರೆ.

ಎಲ್ಲರಿಗೂ ಹೀಗಾಗುವುದಿಲ್ಲ, ಒಪ್ಪೋಣ. ಕೃತಕ ಬಣ್ಣಗಳೂ ಸಾಚಾ ಅಲ್ಲ. ಆದರೆ ಅಪರೂಪದ ಅಲರ್ಜಿಯವರಿಗೆ ಇರುವ ಏಕೈಕ ರಕ್ಷಣೆ ಲೇಬಲ್ಲು. ಅಲ್ಲಿ ಬರೀ 'ನೈಸರ್ಗಿಕ ಬಣ್ಣ' ಎಂದಿದ್ದರೆ ಅವರೇನು ಕಣಿ ಕೇಳಬೇಕೆ? ಅಮೆರಿಕ 2011ರಿಂದ ಆಹಾರ, ಸೌಂದರ್ಯವರ್ಧಕ ಎರಡರ ಲೇಬಲ್ಲಿನಲ್ಲೂ ಕಾರ್ಮೈನ್ ಹೆಸರು ಹಾಕುವುದನ್ನು ಕಡ್ಡಾಯ ಮಾಡಿತು.

ಆಹಾರದ ಪೊಟ್ಟಣದಲ್ಲಿ 120, ಲಿಪ್‌ಸ್ಟಿಕ್ ಡಬ್ಬಿಯಲ್ಲಿ ಸಿಐ 75470 ಎಂಬ ಸಂಖ್ಯೆ ಕಂಡರೆ ಅದು ಕಾರ್ಮೈನೇ. ತುಟಿ ಪದೇ ಪದೇ ಊದಿಕೊಳ್ಳುವವರು ಆ ಡಬ್ಬಿಯನ್ನೂ ಪೊಟ್ಟಣವನ್ನೂ ಅಲರ್ಜಿ ವೈದ್ಯರಿಗೆ ತೋರಿಸಲಿ. ಲೇಖಕರು ಮುಂದಿನ ಕಂತಿನಲ್ಲಿ ಈ ಎರಡು ಸಂಖ್ಯೆಗಳನ್ನಾದರೂ ಅಚ್ಚು ಹಾಕಿಸಲಿ.