ತಲೆ ಸವೆದ ಸ್ಕ್ರೂ

ರೇಡಿಯೋದ ಸ್ಕ್ರೂ ತಲೆ ಸವೆದರೆ ಬಿಚ್ಚಿದವನ ಕೈಯನ್ನೇ ದೂರುವವರ ಮಾತನ್ನು ನಾನು ಒಪ್ಪಲಾರೆ. ನಮ್ಮ ಕೇಣಿಯ ಉಪ್ಪುಗಾಳಿಗೆ ಕಬ್ಬಿಣ ತುಕ್ಕು ಹಿಡಿಯುವುದು ಸಹಜ. ಮೆದು ಲೋಹದ ಸ್ಕ್ರೂ ಹಾಕಿದವನು ತಯಾರಕನಲ್ಲವೇ?

ಸೆಲ್ ತೆಗೆದಿಟ್ಟು, ಸವೆದ ತಲೆಯ ಮೇಲೆ ಅಗಲವಾದ ರಬ್ಬರ್ ಬ್ಯಾಂಡಿನ ತುಂಡನ್ನಿಟ್ಟು, ಸರಿಯಳತೆಯ ಸ್ಕ್ರೂಡ್ರೈವರನ್ನು ಬಲವಾಗಿ ಒತ್ತಿ ನಿಧಾನವಾಗಿ ತಿರುಗಿಸಿರಿ. ಅನೇಕ ವೇಳೆ ಸಡಿಲುತ್ತದೆ. ತಲೆ ಹೊರಚಾಚಿದ್ದರೆ ಸಣ್ಣ ಅರದಿಂದ ಗೀರು ಕೊರೆಯಬಹುದು.

ಬಿಚ್ಚಲೇಬಾರದೆಂಬ ಹಟಕ್ಕೆ ಮಾತ್ರ ಮದ್ದಿಲ್ಲ. 2011ರ ವೇಳೆಗೆ ಆಪಲ್ ಕಂಪನಿ ಐಫೋನ್ 4ಕ್ಕೆ ಐದು ದಳದ ಸ್ಕ್ರೂ ಹಾಕತೊಡಗಿತು. ಮನೆಯ ಸ್ಕ್ರೂಡ್ರೈವರ್ ಅದಕ್ಕೆ ಹೊಂದದು. 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ ‘ದುರಸ್ತಿಯ ಹಕ್ಕಿ’ಗಾಗಿ ಸಮಿತಿ ರಚಿಸಿತು. ಆ ಹಕ್ಕಿನ ಮೊದಲ ಕಲಮಿನಲ್ಲೇ ಗಟ್ಟಿ ಉಕ್ಕಿನ, ಸಾಮಾನ್ಯ ಪ್ಲಸ್ ತಲೆಯ ಸ್ಕ್ರೂ ಕಡ್ಡಾಯವೆಂದು ಬರೆಯಲಿ.