ಗ್ರಹಗಳ ಆಟ, ನಗರದ ಲೆಕ್ಕ

ಕಂಪ್ಯೂಟರ್ ಆಟವೆಂದರೆ ಕಾಲಹರಣ, ಕಣ್ಣಿಗೆ ಕೇಡು, ಪರೀಕ್ಷೆಗೆ ಶತ್ರು ಎಂಬ ಭಾವನೆ ನಮ್ಮ ಮನೆಗಳಲ್ಲಿ ಬಲವಾಗಿ ಬೇರೂರಿದೆ. ಇದರಲ್ಲಿ ಸತ್ಯಾಂಶವಿಲ್ಲದಿಲ್ಲ. ಆಟದ ಮೇಲಿನ ಹಿಡಿತ ತಪ್ಪಿ, ಊಟ, ನಿದ್ರೆ, ವ್ಯಾಸಂಗಗಳು ಹಿಂದೆ ಸರಿದು, ಹಾನಿಯಾಗುತ್ತಿದ್ದರೂ ಬಿಡಲಾಗದ ಸ್ಥಿತಿಯನ್ನು ವಿಶ್ವ ಆರೋಗ್ಯ ಸಂಸ್ಥೆಯು ತನ್ನ ರೋಗಗಳ ವರ್ಗೀಕರಣದಲ್ಲಿ ಸೇರಿಸಿದೆ. ಆ ವರ್ಗೀಕರಣವು 2022ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಮಿತಿಯರಿತು ಆಡಿದ ಆಟದಿಂದ ಕಲಿಯತಕ್ಕದ್ದು ಏನೂ ಇಲ್ಲವೆಂಬ ಮಾತು ಸರಿಯಲ್ಲ. ಆಕಾಶದ ಗ್ರಹಗಳಲ್ಲಿ ವಸಾಹತು ಹೂಡಿ ಆಳುವ ಒಂದು ಬಗೆಯ ಆಟವಿದೆ. ಮಹಾನಗರದ ನಿವಾಸಿಗಳಾದ ನಮಗೆ ಅದು ಒಂದು ಮುಖ್ಯ ಪಾಠವನ್ನು ಹೇಳುತ್ತದೆ. ಅದನ್ನು ವಾಚಕರ ಮುಂದಿಡುವುದೇ ಈ ಲೇಖನದ ಉದ್ದೇಶ.

ಈ ಬಗೆಯ ಆಟಗಳಲ್ಲಿ ಹೆಸರಾದದ್ದು ಅಮೆರಿಕದಲ್ಲಿ 1993ರಲ್ಲಿ ಹೊರಬಂದ ‘ಮಾಸ್ಟರ್ ಆಫ್ ಓರಿಯನ್’. ಅದನ್ನು ಪರಿಚಯಿಸುತ್ತ ಅಲನ್ ಎಮ್ರಿಚ್ ಎಂಬ ವಿಮರ್ಶಕರು ಇಂಥ ಆಟಗಳ ಲಕ್ಷಣವನ್ನು ನಾಲ್ಕು ಇಂಗ್ಲಿಷ್ ಶಬ್ದಗಳಲ್ಲಿ ಹಿಡಿದಿಟ್ಟರು. ಕನ್ನಡದಲ್ಲಿ ಹೇಳುವುದಾದರೆ ಅವು ಅನ್ವೇಷಣೆ, ವಿಸ್ತರಣೆ, ಬಳಕೆ ಹಾಗೂ ನಿರ್ಮೂಲನೆ. ಹೊಸ ಗ್ರಹವನ್ನು ಹುಡುಕಬೇಕು, ಅಲ್ಲಿ ಜನರನ್ನು ನೆಲೆಗೊಳಿಸಬೇಕು, ಅದರ ಸಂಪತ್ತನ್ನು ಬಳಸಬೇಕು, ಎದುರಾಳಿಯನ್ನು ಅಳಿಸಬೇಕು. ಆಟವನ್ನು ನಿಜವಾಗಿ ಗೆಲ್ಲಿಸುವ ಐದನೆಯ ಶಬ್ದವೊಂದು ಈ ಪಟ್ಟಿಯಲ್ಲಿ ಇಲ್ಲ. ಅದು ನಿರ್ವಹಣೆ.

ಪ್ರತಿಯೊಂದು ವಸಾಹತಿನ ಉತ್ಪನ್ನವನ್ನೂ ಆಟಗಾರನು ಐದು ಬಾಬತ್ತುಗಳಿಗೆ ಹಂಚಬೇಕಾಗುತ್ತದೆ: ನೌಕೆಗಳು, ರಕ್ಷಣೆ, ಕೈಗಾರಿಕೆ, ಪರಿಸರ, ಸಂಶೋಧನೆ. ಒಟ್ಟು ನೂರು ಪಾಲು. ಒಂದಕ್ಕೆ ಹೆಚ್ಚಿಸಿದರೆ ಇನ್ನೊಂದಕ್ಕೆ ಕಡಿತ. ಕಾರ್ಖಾನೆಗಳು ಹೆಚ್ಚಿದಂತೆ ತ್ಯಾಜ್ಯವೂ ಹೆಚ್ಚುತ್ತದೆ. ಪರಿಸರದ ಬಾಬತ್ತಿಗೆ ಸಾಕಷ್ಟು ಹಣವಿಟ್ಟರೆ ಗ್ರಹವು ಸ್ವಚ್ಛವಾಗಿ ಉಳಿಯುತ್ತದೆ. ಇಡದೆ ಆ ಹಣವನ್ನು ನೌಕೆಗಳಿಗೆ ತಿರುಗಿಸಿದರೆ ಆ ವರ್ಷ ದಂಡು ದೊಡ್ಡದಾಗಿ ಕಾಣುವುದು ನಿಜ. ಆದರೆ ತ್ಯಾಜ್ಯವು ಸಂಚಯವಾಗುತ್ತ, ಆ ಗ್ರಹವು ಎಷ್ಟು ಜನರನ್ನು ಪೊರೆಯಬಲ್ಲುದೋ ಆ ಮಿತಿಯೇ ಕುಗ್ಗತೊಡಗುತ್ತದೆ. ಜನ ಕಡಿಮೆಯಾದರೆ ಕಾರ್ಖಾನೆ ನಡೆಸುವ ಕೈಗಳು ಕಡಿಮೆ, ಉತ್ಪನ್ನವೂ ಕಡಿಮೆ. ಆದುದರಿಂದ ಅನುಭವಸ್ಥ ಆಟಗಾರನು ಮೊದಲು ಶುದ್ಧೀಕರಣದ ಪಾಲನ್ನು ತೆಗೆದಿಟ್ಟು, ಉಳಿದುದನ್ನು ಮಾತ್ರ ಹಂಚುತ್ತಾನೆ.

ವಾಣಿಜ್ಯಶಾಸ್ತ್ರವನ್ನು ಓದಿದವರಿಗೆ ಇದು ಹೊಸ ವಿಷಯವಲ್ಲ. ಯಂತ್ರದ ಸವಕಳಿಯನ್ನು ಕಳೆಯದೆ ಲಾಭವನ್ನು ತೋರಿಸಬಾರದೆಂಬುದು ಲೆಕ್ಕಶಾಸ್ತ್ರದ ಮೊದಲ ಪಾಠಗಳಲ್ಲೊಂದು. ಸವಕಳಿಯನ್ನು ಮರೆತು ಡಿವಿಡೆಂಡು ಹಂಚುವ ಕಂಪನಿಯು ವಾಸ್ತವವಾಗಿ ಹಂಚುತ್ತಿರುವುದು ಮೂಲಧನವನ್ನೇ. ಬ್ಯಾಂಕಿನಲ್ಲಿ ಸಾಲದ ಅರ್ಜಿಗಳನ್ನು ಪರಿಶೀಲಿಸುವವರು ಮೊದಲು ನೋಡುವುದೂ ಇದನ್ನೇ. ಕೂತು ಉಣ್ಣುವವನಿಗೆ ಕುಡಿಕೆ ಹೊನ್ನು ಸಾಲದೆಂದು ನಮ್ಮ ಹಿರಿಯರು ಹೇಳಿದ್ದಾರೆ. ಆದರೆ ಕಂಪನಿಗೆ ವಿಧಿಸುವ ಈ ನಿಯಮವನ್ನು ನಾವು ವಾಸಿಸುವ ನಗರಕ್ಕೆ ಅನ್ವಯಿಸುತ್ತೇವೆಯೆ?

ಕಸ್ಬಾವನ್ನೇ ಉದಾಹರಣೆಯಾಗಿ ನೋಡೋಣ. ತಾಲ್ಲೂಕಿನ ಕಸಬಾ ಹೋಬಳಿಯನ್ನು ಬಲ್ಲ ನಮಗೆ ಈ ಹೆಸರು ಅಪರಿಚಿತವಲ್ಲ. ಬಾಲಿಗಂಜ್ ರೈಲುಮಾರ್ಗದಿಂದ ಪೂರ್ವಕ್ಕೆ ರಾಜಡಾಂಗಾದವರೆಗೂ, ಅಲ್ಲಿಂದ ಬೈಪಾಸ್ ರಸ್ತೆಯವರೆಗೂ ಇಂದು ಮನೆಗಳು ಒತ್ತೊತ್ತಾಗಿ ನಿಂತಿವೆ. ಕೋಲ್ಕತ್ತದ ನೆಲವು ಹೂಗ್ಲಿ ನದಿಯ ದಡದಲ್ಲಿ ಎತ್ತರವಾಗಿದ್ದು ಪೂರ್ವಕ್ಕೆ ಇಳಿಜಾರಾಗಿದೆ. ಆದಕಾರಣ ನಗರದ ಕೊಳಚೆ ನೀರು ನದಿಗಿಳಿಯದೆ ಕಾಲುವೆಗಳ ಮೂಲಕ ಪೂರ್ವದ ಜೌಗು ಪ್ರದೇಶಕ್ಕೆ ಹರಿಯುತ್ತದೆ. ಅಲ್ಲಿ ‘ಭೇರಿ’ ಎಂದು ಕರೆಯುವ ಆಳವಿಲ್ಲದ ಮೀನುಕೊಳಗಳಿವೆ. ಬಿಸಿಲಿನಲ್ಲಿ ಪಾಚಿ ಬೆಳೆದು ನೀರಿಗೆ ಆಮ್ಲಜನಕವನ್ನು ಕೊಡುತ್ತದೆ. ಸೂಕ್ಷ್ಮಜೀವಿಗಳು ಹೊಲಸನ್ನು ಕರಗಿಸುತ್ತವೆ. ಪಾಚಿಯನ್ನು ಮೀನು ತಿನ್ನುತ್ತದೆ. ತಿಳಿಯಾದ ನೀರು ಗದ್ದೆಗಳಿಗೆ ಹೋಗುತ್ತದೆ. ಯಂತ್ರಗಳ ಗೊಡವೆಯಿಲ್ಲದೆ ನಡೆಯುವ ಈ ಶುದ್ಧೀಕರಣದ ಮಹತ್ವವನ್ನು ಜಗತ್ತಿಗೆ ಎತ್ತಿ ತೋರಿಸಿದವರು ಸರ್ಕಾರಿ ಇಂಜಿನಿಯರ್ ಆಗಿದ್ದ ಧ್ರುವಜ್ಯೋತಿ ಘೋಷರು. 2018ರಲ್ಲಿ ಅವರು ತೀರಿಕೊಂಡರು.

ಆಟದ ಐದು ಬಾಬತ್ತುಗಳಲ್ಲಿ ಪರಿಸರದ ಬಾಬತ್ತನ್ನು ಇಲ್ಲಿನ ಮೀನುಗಾರರೂ ರೈತರೂ ನಗರದ ಪರವಾಗಿ ಹೊತ್ತಿದ್ದಾರೆ. ನಗರದ ಆಯವ್ಯಯದಲ್ಲಿ ಅವರ ಈ ಸೇವೆಗೆ ಬೆಲೆ ಕಟ್ಟಿಲ್ಲ. ಬೆಲೆಯಿಲ್ಲದ ವಸ್ತುವನ್ನು ಖಾಲಿ ಜಾಗವೆಂದು ಭಾವಿಸುವುದು ಸುಲಭ. ಕೊಳವನ್ನು ಮುಚ್ಚಿ ಕಟ್ಟಡವೆಬ್ಬಿಸಿದರೆ ಮಾರಾಟದ ಹಣವು ಜಮೆಯಲ್ಲಿ ಕಾಣುತ್ತದೆ. ಕಳೆದುಹೋದ ಶುದ್ಧೀಕರಣವು ಖರ್ಚಿನಲ್ಲಿ ಕಾಣುವುದಿಲ್ಲ. ಈ ಅಪಾಯವನ್ನರಿತು 1992ರಲ್ಲಿ ಕಲ್ಕತ್ತ ಹೈಕೋರ್ಟ್ ಜೌಗು ಪ್ರದೇಶವನ್ನು ಮುಚ್ಚದಂತೆ ತೀರ್ಪಿತ್ತಿತು. 2002ರಲ್ಲಿ ಸುಮಾರು 12,500 ಹೆಕ್ಟೇರ್ ಪ್ರದೇಶವು ಅಂತರರಾಷ್ಟ್ರೀಯ ಮಹತ್ವದ ರಾಮ್‌ಸರ್ ತಾಣವಾಯಿತು. 2006ರಲ್ಲಿ ಅದಕ್ಕಾಗಿ ಪ್ರತ್ಯೇಕ ಕಾನೂನೂ ಬಂದಿತು. ಇಷ್ಟಾದರೂ ಅತಿಕ್ರಮಣದ ದೂರುಗಳು ನಿಂತಿಲ್ಲ. ಶುದ್ಧೀಕರಣದ ಪಾಲನ್ನು ತೆಗೆದಿಡದ ನಗರದ ಗತಿಯೇನೆಂಬುದಕ್ಕೆ ನಮ್ಮ ನಾಡಿನಲ್ಲೇ ದೃಷ್ಟಾಂತವಿದೆ. ಬೆಂಗಳೂರಿನ ಬೆಳ್ಳಂದೂರು ಕೆರೆಯು 2015ರಲ್ಲಿ ನೊರೆಯುಕ್ಕಿಸಿತು. 2017ರ ಫೆಬ್ರುವರಿಯಲ್ಲಿ ಅದಕ್ಕೆ ಬೆಂಕಿ ಹೊತ್ತಿಕೊಂಡು ಹೊಗೆ ಕವಿಯಿತು.

ನಗರ ಬೆಳೆಯಬೇಡವೆ, ನಾವೆಲ್ಲ ಎಲ್ಲಿರಬೇಕು ಎಂದು ಯಾರಾದರೂ ಕೇಳಬಹುದು. ಪ್ರಶ್ನೆ ನ್ಯಾಯವಾದುದೇ. ಕಾರ್ಖಾನೆ ಕಟ್ಟಬೇಡವೆಂದು ಆಟವೂ ಹೇಳುವುದಿಲ್ಲ, ಕಟ್ಟದವನು ಸೋಲುತ್ತಾನೆ. ಮೊದಲು ಯಾವುದು, ಆಮೇಲೆ ಯಾವುದು ಎಂಬ ಕ್ರಮವನ್ನಷ್ಟೇ ಅದು ಕಲಿಸುತ್ತದೆ. ಆದರೆ ಒಂದು ಮಾತಿನಲ್ಲಿ ಆಟವು ನಮ್ಮನ್ನು ದಾರಿ ತಪ್ಪಿಸುತ್ತದೆ. ಅಲ್ಲಿ ವಸಾಹತು ಹೂಡುವ ಗ್ರಹವು ಬರಿದಾಗಿರುತ್ತದೆ. ಭೂಮಿಯ ಮೇಲೆ ಅಂಥ ಬರಿದು ನೆಲ ವಿರಳ. ನಾವು ಖಾಲಿಯೆಂದದ್ದು ಇನ್ನೊಬ್ಬರ ಗದ್ದೆಯೋ ಕೊಳವೋ ಆಗಿರುತ್ತದೆ.

ನಗರದ ಲೆಕ್ಕವನ್ನು ತಿದ್ದುವುದು ನಮ್ಮ ಕೈಯಲ್ಲಿಲ್ಲದಿರಬಹುದು. ನಾವಿರುವ ಕಟ್ಟಡದ ಲೆಕ್ಕ ನಮ್ಮ ಕೈಯಲ್ಲೇ ಇದೆ. ನಿವಾಸಿಗಳ ವಾರ್ಷಿಕ ಸಭೆಯಲ್ಲಿ ಬಣ್ಣ, ಬಾಗಿಲ ಅಲಂಕಾರ, ಪೂಜಾ ಚಂದಾಗಳ ಮಾತಾದ ಮೇಲೆ ಉಳಿದುದು ಚರಂಡಿಗೆ ಎಂಬ ರೂಢಿ ಸಾಮಾನ್ಯ. ಇದನ್ನು ತಲೆಕೆಳಗು ಮಾಡಬೇಕು. ಚರಂಡಿ, ನೀರಿನ ತೊಟ್ಟಿ, ಕಸದ ವಿಂಗಡಣೆ, ವಿದ್ಯುತ್ ತಂತಿಗಳ ಸುರಕ್ಷತೆ, ಇವುಗಳ ಖರ್ಚನ್ನು ಮೊದಲು ಬರೆದು ಉಳಿದುದನ್ನು ಆಮೇಲೆ ಹಂಚಬೇಕು. ಡೆಂಗಿಯನ್ನು ಹರಡುವ ಸೊಳ್ಳೆಯು ನಿಂತ ನೀರಿನಲ್ಲಿ ಮೊಟ್ಟೆಯಿಟ್ಟು, ಅದು ಸೊಳ್ಳೆಯಾಗಿ ಹೊರಬರಲು ಸುಮಾರು ಒಂದು ವಾರ ಅಥವಾ ಹತ್ತು ದಿನ ಸಾಕು. ಆದುದರಿಂದ ಹೂಕುಂಡದ ತಟ್ಟೆ, ಬಕೆಟ್ಟು, ತೊಟ್ಟಿಗಳನ್ನು ವಾರಕ್ಕೊಮ್ಮೆ ಬರಿದು ಮಾಡಿ ಉಜ್ಜಿದರೆ ರೋಗಕ್ಕೆ ದಾರಿ ಕಟ್ಟುತ್ತದೆ. 2025ರ ಸೆಪ್ಟೆಂಬರ್ 22-23ರಂದು ಕೋಲ್ಕತ್ತದಲ್ಲಿ ಒಂದು ದಿನದೊಳಗೆ 250 ಮಿಲಿಮೀಟರಿಗೂ ಹೆಚ್ಚು ಮಳೆ ಸುರಿದಾಗ, ನಿಂತ ನೀರಿನಲ್ಲಿ ವಿದ್ಯುತ್ ಹರಿದು ಹಲವರು ಪ್ರಾಣ ಕಳೆದುಕೊಂಡರು. ತೆಗೆದಿಡದ ಪಾಲನ್ನು ಮಳೆಯು ಇಂಥ ರೀತಿಯಲ್ಲಿ ವಸೂಲು ಮಾಡುತ್ತದೆ.

ಇದು ನಮ್ಮ ಊರಲ್ಲ, ವರ್ಗವಾದರೆ ಹೊರಡುವವರು ನಾವು ಎಂಬ ಉದಾಸೀನ ನಮ್ಮಲ್ಲಿ ಹಲವರಿಗಿದೆ. ವಸಾಹತುಗಾರನ ಮನೋಭಾವವೆಂದರೆ ಇದೇ. ನಮ್ಮ ಮಕ್ಕಳು ಇಲ್ಲಿ ಹುಟ್ಟಿದ್ದಾರೆ, ಇಲ್ಲಿಯ ಮೀನನ್ನಲ್ಲದಿದ್ದರೂ ಇಲ್ಲಿಯ ತರಕಾರಿಯನ್ನು ಉಂಡು ಬೆಳೆಯುತ್ತಿದ್ದಾರೆ. ಅವರು ಪರದೆಯ ಮುಂದೆ ಕುಳಿತಾಗ ಗದರಿಸುವ ಬದಲು ಒಮ್ಮೆ ಪಕ್ಕದಲ್ಲಿ ಕುಳಿತು, ಪರಿಸರದ ಬಾಬತ್ತಿಗೆ ಎಷ್ಟು ಇಟ್ಟಿದ್ದೀಯೆ ಎಂದು ಕೇಳುವುದು ಮೇಲು. ಆ ಪ್ರಶ್ನೆಯನ್ನು ಮುಂದಿನ ನಿವಾಸಿಗಳ ಸಭೆಯಲ್ಲಿ ನಾವೂ ಕೇಳುವಂತಾಗಲಿ.